ಸಮುದ್ರದ ನೀರಿಗೆ ಹಾಕಿದ ಮೊಟ್ಟೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ. ಬಂದರಿನ ಹತ್ತಿರ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ನಾನು ಯುಕೆಜಿ ಟೀಚರು. ಒಂದು ಕೋಣೆ, ಇಪ್ಪತ್ತೆಂಟು ಮಕ್ಕಳು, ಒಬ್ಬರು ಆಯಾ. ಕಿಟಕಿ ತೆರೆದರೆ ಮೀನಿನ ವಾಸನೆ, ಮುಚ್ಚಿದರೆ ಸೆಕೆ. ನನ್ನ ಮನೆಮಾತು ಕೊಂಕಣಿ, ಆಯಾರದ್ದು ತುಳು, ಮಕ್ಕಳದ್ದು ಕೇಳುವುದೇ ಬೇಡ. ಬಾಗಿಲು ದಾಟಿ ಒಳಗೆ ಬಂದ ಮೇಲೆ ಎಲ್ಲರೂ ಕನ್ನಡ ಮಾತಾಡಬೇಕು ಎಂಬುದು ಶಾಲೆಯ ನಿಯಮ. ಮಕ್ಕಳು ಮಾತಾಡುತ್ತಾರೆ. ಜಗಳ ಮಾತ್ರ ಅವರವರ ಭಾಷೆಯಲ್ಲಿ.

ನೀರಿನ ಆಟ ಶುರುವಾದದ್ದೂ ಸಿಟ್ಟಿನಿಂದಲೇ. ಕೈ ತೊಳೆದು ಬನ್ನಿ ಎಂದು ಕಳಿಸಿದರೆ ಈ ಮಕ್ಕಳು ನಳ್ಳಿಯ ಬುಡ ಬಿಟ್ಟು ಬರುವುದಿಲ್ಲ. ಒಂದು ಶುಕ್ರವಾರ ಸಹನೆ ಕೆಟ್ಟು ನಾನೇ ಸ್ಕೇಲು ಹಿಡಿದುಕೊಂಡು ಹೊರಟೆ. ಅಲ್ಲಿ ನಾಲ್ಕು ಜನ ಬಾಲ್ದಿಯ ಸುತ್ತ ಕುಕ್ಕರುಗಾಲಲ್ಲಿ ಕೂತಿದ್ದರು. ಒಬ್ಬ ಖಾಲಿ ಲೋಟವನ್ನು ಬೋರಲು ಮಾಡಿ ನೀರಿಗೆ ಒತ್ತುತ್ತಿದ್ದ, ಅದು ಅವನ ಕೈಯನ್ನು ಮೇಲಕ್ಕೆ ತಳ್ಳುತ್ತಿತ್ತು. "ಟೀಚರ್, ಒಳಗೆ ಯಾರೂ ಇಲ್ಲ. ಮತ್ತೆ ದೂಡುವುದು ಯಾರು?" ಎಂದು ನನ್ನನ್ನೇ ಕೇಳಿದ. ಸ್ಕೇಲು ಕೆಳಗಿಟ್ಟೆ. ಗಾಳಿ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ನನಗೂ ಒಮ್ಮೆ ಒತ್ತಿ ನೋಡಬೇಕು ಅನಿಸಿತು. ಒತ್ತಿದೆ, ಸೀರೆಯ ನೆರಿಗೆ ಪೂರ್ತಿ ಒದ್ದೆಯಾಯಿತು.

ಅಂದಿನಿಂದ ಶುಕ್ರವಾರದ ಕೊನೆಯ ಪಿರಿಯಡ್ ನೀರಿಗೆ. ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬು, ಎರಡು ಬಾಲ್ದಿ, ಮನೆಗಳಿಂದ ಬಂದ ಗುಜರಿ ಸಾಮಾನು. ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ ಎಂದು ಮೊದಲು ಹೇಳಬೇಕು, ಆಮೇಲೆ ಹಾಕಬೇಕು. ತೆಂಗಿನ ಗೆರಟೆ ತೇಲಿತು, ಬೀಗದ ಕೈ ಮುಳುಗಿತು. ಸ್ಟೀಲಿನ ಚಮಚ ಮುಳುಗಿತು, ಅದಕ್ಕಿಂತ ಎಷ್ಟೋ ಭಾರದ ಸ್ಟೀಲಿನ ಬೋಗುಣಿ ತೇಲಿತು. ಅಂದು ಮನೆಗೆ ಹೋಗುವ ಗಂಟೆ ಹೊಡೆದರೂ ಯಾರೂ ಕದಲಲಿಲ್ಲ.

ಇನ್ನೊಂದು ದಿನ ಹಳೆಯ ಬ್ರಶ್ಶು ಕೊಟ್ಟು, ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ನೀರಿನಲ್ಲಿ ಚಿತ್ರ ಬಿಡಿಸಲು ಹೇಳಿದೆ. ಮನೆಗೆ ಬಾಗಿಲು ಇಡುವಷ್ಟರಲ್ಲಿ ಹಂಚಿನ ಮಾಡು ಮಾಯ. ನೀರು ಎಲ್ಲಿಗೆ ಹೋಯಿತು? ನೆಲ ಕುಡಿಯಿತು ಎಂದು ಒಂದು ಗುಂಪು, ಬಿಸಿಲು ತಿಂದಿತು ಎಂದು ಇನ್ನೊಂದು. ಪ್ಲಾಸ್ಟಿಕ್ ತಟ್ಟೆಯ ಮೇಲೆ ಬಿಡಿಸಿ ನೋಡುವ ಎಂದಳು ಒಬ್ಬಳು, ಪ್ಲಾಸ್ಟಿಕ್ ಕುಡಿಯುವುದಿಲ್ಲವಲ್ಲ. ಐದು ವರ್ಷದ ತಲೆ. ನನಗೆ ಹೊಳೆದಿರಲಿಲ್ಲ.

ಇಷ್ಟೆಲ್ಲ ಗಲಾಟೆಯಲ್ಲಿ ಒಂದು ಹುಡುಗಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನದಿಯಾಚೆಯ ಬೆಂಗ್ರೆಯವಳು. ಬೆಳಗ್ಗೆ ಅಮ್ಮನ ಜೊತೆ ಫೆರಿ ದಾಟಿ ಬರುತ್ತಾಳೆ. ಅಮ್ಮ ಇವಳನ್ನು ಬಿಟ್ಟು, ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಮೀನು ವಿಂಗಡಿಸುವ ಕೆಲಸಕ್ಕೆ ಹೋಗುತ್ತಾರೆ. ಜೂನಿನಲ್ಲಿ ಸೇರಿದವಳು ಜನವರಿ ಬಂದರೂ ಕ್ಲಾಸಿನಲ್ಲಿ ಒಂದು ಶಬ್ದ ಆಡಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಾಳೆ. ಹೆಸರೆಂತ ಪುಟ್ಟಾ ಎಂದರೆ ನನ್ನ ಮುಖವನ್ನೇ ನೋಡುತ್ತಾಳೆ. ಮುದ್ದು ಮಾಡಿ ಕೇಳಿದೆ, ಚಾಕಲೇಟು ತೋರಿಸಿ ಕೇಳಿದೆ, ಸಿಟ್ಟಿನಲ್ಲೂ ಕೇಳಿದೆ. ಇಲ್ಲ. ಅಮ್ಮನನ್ನು ಕರೆಸಿದರೆ, "ಮನೆಯಲ್ಲಿ ಅವಳ ಬಾಯಿ ಮುಚ್ಚಿಸ್ಲಿಕ್ಕೆ ಆಗುದಿಲ್ಲ ಟೀಚರೇ, ಎಂತ ಮಾಡುದು," ಎಂದು ಅವರೂ ಕಣ್ಣಲ್ಲಿ ನೀರು ತಂದುಕೊಂಡರು.

ನೀರಿನ ಪಿರಿಯಡಿಗೆ ಮಾತ್ರ ಅವಳು ಎಲ್ಲರಿಗಿಂತ ಮುಂದೆ. ಲೋಟದ ತಳಕ್ಕೆ ಕಾಗದ ತುರುಕಿ, ಬೋರಲು ಮಾಡಿ ನೀರಿಗೆ ಮುಳುಗಿಸಿ, ಮೇಲೆತ್ತಿ, ಕಾಗದ ಒಣಗಿಯೇ ಇದೆ ಎಂದು ತೋರಿಸಿದವಳು ಅವಳೇ. ಬಾಯಿಯಿಂದಲ್ಲ. ಕಾಗದವನ್ನು ನನ್ನ ಕೆನ್ನೆಗೆ ಒತ್ತಿ ತೋರಿಸಿದಳು.

ನಮ್ಮ ಹೆಡ್ ಟೀಚರ್ ಕೆಟ್ಟವರಲ್ಲ. ಆದರೆ ಒಂದನೇ ಕ್ಲಾಸಿಗೆ ಹೋಗುವ ಮಕ್ಕಳ ಫಾರ್ಮು ತುಂಬುವ ಸಮಯ ಬಂದಾಗ ಕರೆದು ಹೇಳಿದರು: "ನೋಡಿ, ಮಾತಾಡದ ಮಗುವನ್ನು ಮೇಲೆ ಕಳಿಸಿದ್ರೆ ಅಲ್ಲಿ ಬೆಂಚಿನ ಮೂಲೆಯಲ್ಲಿ ಕೂತು ಹೋಗ್ತದೆ. ಇನ್ನೊಂದು ವರ್ಷ ನಿಮ್ಮ ಹತ್ರವೇ ಇರಲಿ. ಫೆಬ್ರವರಿ ಕೊನೆಗೆ ನಾನೇ ಬಂದು ನೋಡ್ತೇನೆ. ಅವಳ ಬಾಯಿಂದ ಒಂದು ಉತ್ತರ ಬಂದ್ರೆ ಸಾಕು, ಸಹಿ ಹಾಕ್ತೇನೆ." ಜೊತೆಯವರೆಲ್ಲ ಮೇಲೆ ಹೋಗಿ, ಇವಳೊಬ್ಬಳು ಸಣ್ಣ ಮಕ್ಕಳ ನಡುವೆ ಉಳಿದರೆ ಮತ್ತೆ ಎಂದೂ ಬಾಯಿ ಬಿಡಲಿಕ್ಕಿಲ್ಲ ಎಂದು ನನಗೆ ಹೆದರಿಕೆಯಾಯಿತು. ಹೇಳಿದೆ. "ಹಾಗಾದ್ರೆ ಮಾತಾಡಿಸಿ," ಎಂದರು ಅವರು.

ಫೆಬ್ರವರಿಯ ಎರಡನೆಯ ಶುಕ್ರವಾರ ನಾನು ಮೊಟ್ಟೆಯ ಆಟ ಇಟ್ಟೆ. ಇದು ಪುಸ್ತಕದಿಂದ ಕಲಿತದ್ದಲ್ಲ, ನಮ್ಮ ಅಡುಗೆಮನೆಯದ್ದು. ಅಮ್ಮ ಮಾವಿನಕಾಯಿಯನ್ನು ಭರಣಿಯಲ್ಲಿ ಉಪ್ಪು ನೀರಿಗೆ ಹಾಕುವ ಮೊದಲು, ಕುದಿಸಿ ಆರಿಸಿದ ಆ ನೀರಿಗೆ ಹಸಿ ಮೊಟ್ಟೆ ಬಿಟ್ಟು ನೋಡುತ್ತಿದ್ದಳು. ಮೊಟ್ಟೆಯ ನೆತ್ತಿ ನೀರಿನಿಂದ ಮೇಲೆ ಎಂಟಾಣೆ ನಾಣ್ಯದಷ್ಟು ಕಂಡರೆ ಉಪ್ಪು ಸಾಕು. ಕಾಣದಿದ್ದರೆ ಇನ್ನೊಂದು ಮುಷ್ಟಿ. ಆ ಭರಣಿಯ ಮಾವು ಮುಂದಿನ ವರ್ಷದವರೆಗೂ ಕೆಡುತ್ತಿರಲಿಲ್ಲ.

ದೊಡ್ಡ ಗಾಜಿನ ಲೋಟದಲ್ಲಿ ನಳ್ಳಿ ನೀರು ತುಂಬಿ ಮೊಟ್ಟೆ ಬಿಟ್ಟೆ. ಮುಳುಗಿತು. ಮಕ್ಕಳ ಕೈಯಿಂದಲೇ ಒಂದೊಂದು ಚಮಚ ಉಪ್ಪು ಹಾಕಿಸಿ ಕಲಸಿದೆ. ಎಲ್ಲರೂ ಲೆಕ್ಕ ಹೇಳಿದರು. ಆರನೆಯ ಚಮಚಕ್ಕೆ ಮೊಟ್ಟೆ ತಳ ಬಿಟ್ಟಿತು, ಸ್ವಲ್ಪ ಹೊರಳಿತು, ಮೇಲೆ ಬಂದು ನೆತ್ತಿ ತೋರಿಸಿತು. ಏನು ಚಪ್ಪಾಳೆ! ನಾನೂ ಉಬ್ಬಿ ಹೋದೆ. ಉಬ್ಬಿದವಳು ಸುಮ್ಮನಿರಬೇಕಲ್ಲ.

"ಹಾಗಾದ್ರೆ ಹೇಳಿ ನೋಡುವ. ಸಮುದ್ರದ ನೀರು ಉಪ್ಪು. ಅದಕ್ಕೆ ಮೊಟ್ಟೆ ಹಾಕಿದ್ರೆ?"

"ತೇಲ್ತದೆ," ಎಂದು ಕ್ಲಾಸಿಗೆ ಕ್ಲಾಸೇ ಕೂಗಿತು.

"ಮುರ್ಕುಂಡು," ಎಂದಿತು ಒಂದು ಸಣ್ಣ ಸ್ವರ. ತುಳುವಿನಲ್ಲಿ, ಮುಳುಗುತ್ತದೆ ಎಂದು.

ಯಾರೆಂದು ನಾನು ತಿರುಗಿಯೂ ನೋಡಲಿಲ್ಲ. "ಎಂತ ಮುಳುಗುವುದು? ಈಗ ತೋರಿಸಿದ್ದು ಎಂತ? ಕಣ್ಣು ಎಲ್ಲಿತ್ತು ನಿನ್ನದು?" ಎಂದೆ. ಮಕ್ಕಳು ಗೊಳ್ಳೆಂದು ನಕ್ಕರು. ನಾನು ಮೊಟ್ಟೆ ಎತ್ತಿ ಒರೆಸಲು ಶುರುಮಾಡಿದೆ.

ಆಯಾ ಬಂದು ಮೊಣಕೈ ಹಿಡಿದರು. "ಟೀಚರೇ, ಮಾತಾಡಿದ್ದು ಅವಳು."

ಎಂಟು ತಿಂಗಳು ಕಾದ ಮಾತು. ಅದು ಬಂದ ಗಳಿಗೆಯಲ್ಲೇ ನಾನು ಅದಕ್ಕೆ ಹೊಡೆದ ಹಾಗೆ ಬೈದಿದ್ದೆ. ತಿರುಗಿ ನೋಡುವಾಗ ಹುಡುಗಿ ಟಬ್ಬಿನ ಹತ್ತಿರ ಇರಲಿಲ್ಲ. ಕ್ಲಾಸಿನೊಳಗೆ ಹೋಗಿ, ಬ್ಯಾಗು ಮಡಿಲಲ್ಲಿಟ್ಟುಕೊಂಡು, ಗೋಡೆಗೆ ಮುಖ ಮಾಡಿ ಕೂತಿದ್ದಳು. ಹತ್ತಿರ ಕೂತು, ಸಾರಿ ಮಗಾ, ಇನ್ನೊಮ್ಮೆ ಹೇಳು ಎಂದೆ. ತುಟಿ ಬಿಗಿ ಹಿಡಿದಳು. ಆ ದಿನ ನನಗೆ ನನ್ನ ಮೇಲೆ ಬಂದ ಸಿಟ್ಟು, ಬೇರೆ ಯಾರ ಮೇಲಾದರೂ ಬಂದಿದ್ದರೆ ದೊಡ್ಡ ಜಗಳವೇ ಆಗುತ್ತಿತ್ತು.

ಮುಂದಿನ ಶುಕ್ರವಾರ ಅವಳು ಟಬ್ಬಿನ ಹತ್ತಿರ ಬರಲೇ ಇಲ್ಲ. ಕರೆದರೂ ಇಲ್ಲ. ಆಯಾ ಎತ್ತಿಕೊಂಡು ಬಂದರೆ ಇಳಿದು ಹೋದಳು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಂದು ಯೋಚನೆ ಮಂಡೆಗೆ ಹೊಕ್ಕಿತು, ಮತ್ತೆ ಬಿಡಲಿಲ್ಲ. ಎಲ್ಲರೂ ತೇಲುತ್ತದೆ ಎನ್ನುವಾಗ ಇವಳೊಬ್ಬಳು ಮುಳುಗುತ್ತದೆ ಎಂದದ್ದು ಯಾಕೆ? ಬಾಯಿಗೆ ಬಂದದ್ದು ಹೇಳುವ ಮಗುವಲ್ಲ ಅದು. ಎಂಟು ತಿಂಗಳು ಬಾಯಿ ಮುಚ್ಚಿದವಳು ಅದೊಂದು ಮಾತಿಗೆ ಬಾಯಿ ತೆರೆದಿದ್ದಾಳೆ. ಮತ್ತೆ ನಾನು? ಸಮುದ್ರದ ಬದಿಯಲ್ಲೇ ಹುಟ್ಟಿ ಬೆಳೆದು ಐವತ್ತು ದಾಟಿದೆ. ಒಂದು ದಿನವಾದರೂ ಸಮುದ್ರದ ನೀರಿಗೆ ಮೊಟ್ಟೆ ಹಾಕಿ ನೋಡಿದ್ದೇನಾ?

ಮರುದಿನ ಶನಿವಾರ, ಮಧ್ಯಾಹ್ನದವರೆಗೆ ಶಾಲೆ. ಅದು ಮುಗಿದ ಮೇಲೆ ಟಿಫಿನ್ ಡಬ್ಬದಲ್ಲಿ ಅಕ್ಕಿ ಹರಡಿ ಎರಡು ಮೊಟ್ಟೆ ಇಟ್ಟುಕೊಂಡು ಫೆರಿ ಹತ್ತಿದೆ. ಎರಡೂ ಹೊಸ ಮೊಟ್ಟೆ, ಮನೆಯ ನೀರಿನಲ್ಲಿ ಮುಳುಗಿಸಿ ನೋಡಿಯೇ ತಂದದ್ದು. ಹಳೆಯದಾದರೆ ಯಾವ ನೀರಿನಲ್ಲೂ ತೇಲುತ್ತದೆ ಎಂದು ಅಡುಗೆ ಮಾಡುವವರಿಗೆ ಗೊತ್ತಿಲ್ಲವೇ. ಬೆಂಗ್ರೆಯಲ್ಲಿ ಇಳಿದು, ಮನೆಗಳ ನಡುವಿನ ದಾರಿ ಹಿಡಿದರೆ ಸ್ವಲ್ಪದರಲ್ಲೇ ಆಚೆ ಬದಿ. ಹಿಂದೆ ನದಿ, ಮುಂದೆ ಸಮುದ್ರ. ಅಕ್ಕಿ, ಮೊಟ್ಟೆ ಕರ್ಚೀಫಿನಲ್ಲಿ ಕಟ್ಟಿಟ್ಟು, ತೆರೆ ಇಳಿಯುವಾಗ ಖಾಲಿ ಡಬ್ಬದಲ್ಲಿ ನೀರು ತುಂಬಿಕೊಂಡು ಮೇಲೆ ಬಂದು, ಮರಳಿನ ಮೇಲೆ ಕೂತು, ಮೊಟ್ಟೆ ಬಿಟ್ಟೆ.

ಮುಳುಗಿತು. ಟಕ್ ಎಂದು ತಳಕ್ಕೆ ತಾಗಿದ್ದು ಕೇಳಿಸಿತು.

ಎರಡನೆಯದನ್ನೂ ಬಿಟ್ಟೆ. ಅದೂ ಹೋಗಿ ಮೊದಲಿನದರ ಪಕ್ಕ ಕೂತಿತು. ನೀರು ಸರಿಯಿಲ್ಲವೇನೋ ಎಂದು ಚೆಲ್ಲಿ ಬೇರೆ ತಂದೆ. ಸಮುದ್ರದ ನೀರು ಸರಿಯಿಲ್ಲವಂತೆ, ನನ್ನ ಬುದ್ಧಿ ನೋಡಿ. ಬೆರಳು ಅದ್ದಿ ನಾಲಗೆಗೆ ಹಚ್ಚಿದೆ. ಉಪ್ಪು ಹೌದು, ಆದರೆ ನಮ್ಮ ಮಾವಿನಕಾಯಿ ಭರಣಿಯ ಉಪ್ಪಿನ ಮುಂದೆ ಇದು ಏನೂ ಅಲ್ಲ. ಭರಣಿಯ ನೀರು ನಾಲಗೆಯನ್ನು ಸುಡುತ್ತದೆ. ಉಪ್ಪು ಎಂದರೆ ಉಪ್ಪು, ಎಲ್ಲ ಒಂದೇ ಎಂದುಕೊಂಡಿದ್ದೆ. ಎಷ್ಟು ಎಂದು ಕೇಳಲೇ ಇಲ್ಲ. ಇಂಗು ತಿಂದ ಮಂಗನ ಹಾಗೆ ಕೂತಿದ್ದೆ, ಆದರೂ ಒಳಗೆ ಏನೋ ಖುಷಿ. ಇಷ್ಟು ವಯಸ್ಸಾದ ಮೇಲೆ ಹೊಸದೊಂದು ಗೊತ್ತಾಗುವುದು ದಿನಾ ನಡೆಯುವುದಿಲ್ಲ.

"ಎಂತ ಬಾಯಮ್ಮ, ಸಮುದ್ರದಲ್ಲಿ ಮೊಟ್ಟೆ ಬೇಯಿಸ್ಲಿಕ್ಕೆ ಬಂದದ್ದಾ?"

ತಿರುಗಿದರೆ ಒಬ್ಬರು ಅಜ್ಜಿ. ನಮ್ಮ ಕೊಂಕಣಿ ಜನರ ಹೆಂಗಸರನ್ನು ಇಲ್ಲಿ ಬಾಯಮ್ಮ ಎಂದೇ ಕರೆಯುವುದು. ಅವರ ಬೆನ್ನ ಹಿಂದೆ, ಬೋರಲು ಹಾಕಿದ ಹಳೆಯ ದೋಣಿಯ ಆಚೆಯಿಂದ, ಗುರುತಿನ ಎರಡು ಕಣ್ಣು ಇಣುಕಿ ಮಾಯವಾದವು. ನಾನು ಟೀಚರ್ ಎಂದು ಹೇಳಿದೆ. "ಗೊತ್ತುಂಟು. ಓಡಿ ಬಂದು ಹೇಳಿದ್ದು ನನ್ನ ಮೊಮ್ಮಗಳೇ, ನಮ್ಮ ಟೀಚರ್ ಬಂದಿದ್ದಾರೆ ಅಂತ," ಎಂದರು ಅಜ್ಜಿ. ನನ್ನನ್ನು ನಮ್ಮ ಟೀಚರ್ ಎಂದಿದ್ದಾಳೆ ಎಂದು ಕೇಳಿ ದೋಣಿಯ ಕಡೆ ಇನ್ನೊಮ್ಮೆ ನೋಡಿದೆ.

ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿ ನಗಲಿಲ್ಲ. ನನ್ನನ್ನು ದೋಣಿಯ ಹತ್ತಿರ ಕರೆದುಕೊಂಡು ಹೋಗಿ ಬಗ್ಗಿ ತೋರಿಸಿದರು. ಅಡಿಯ ನೆರಳಿನಲ್ಲಿ ಮರಳು ಕೆದರಿ ಮಾಡಿದ ಗುಳಿ, ಅದರಲ್ಲಿ ಮೂರು ಮೊಟ್ಟೆ. ಅವರ ಕೋಳಿಗಳು ಮೊಟ್ಟೆ ಇಡುವುದು ಅಲ್ಲಿಯೇ. ದಿನಾ ಹೆಕ್ಕುವುದು ಹುಡುಗಿಯ ಕೆಲಸ. ಮೊಟ್ಟೆಗೆ ಮರಳು, ಗಲೀಜು ಹಿಡಿದಿರುತ್ತದೆ, ತೊಳೆಯಬೇಕು. ಕುಡಿಯುವ ನೀರನ್ನು ಅದಕ್ಕೆಲ್ಲ ಹಾಳು ಮಾಡುವ ಕ್ರಮ ಇಲ್ಲ. "ಸಮುದ್ರದಿಂದ ಒಂದು ಬಾಲ್ದಿ ತಂದು ಅದಕ್ಕೆ ಹಾಕುದು. ಮೊಟ್ಟೆ ಅಡಿಗೆ ಹೋಗ್ತದೆ, ಅವಳು ಕೈ ಹಾಕಿ ಒಂದೊಂದೇ ತೆಗೀತಾಳೆ," ಎಂದರು ಅಜ್ಜಿ. "ಎರಡು ವರ್ಷದಿಂದ ತೊಳೀತಾಳೆ. ಅವಳಿಗೆ ಗೊತ್ತಿಲ್ಲದೆ ಉಂಟಾ?"

ನಾನು ತಲೆ ತಗ್ಗಿಸಿದೆ.

"ಈಗ ಒಂದು ವಾರದಿಂದ ಬೇರೆ ಮಂಡೆಬೆಚ್ಚ," ಎಂದು ಅಜ್ಜಿ ಸ್ವರ ಏರಿಸಿದರು, ದೋಣಿಯ ಹಿಂದೆ ಇರುವವಳಿಗೂ ಕೇಳಲಿ ಎಂದು. "ಮೀನು ಒಣಗಿಸ್ಲಿಕ್ಕೆ ಇಟ್ಟ ಉಪ್ಪನ್ನೆಲ್ಲ ಸಮುದ್ರದ ನೀರಿನ ಲೋಟಕ್ಕೆ ಹಾಕ್ತಾಳೆ. ಎಂತ ಮಾಡ್ತಿ ಅಂದ್ರೆ ಸಮುದ್ರಕ್ಕೆ ಎಷ್ಟು ಕಡಿಮೆ ಉಂಟು ಅಂತ ನೋಡುದಂತೆ."

ನಾನು ಬೈದ ಮಗು ಮನೆಗೆ ಬಂದು ಅತ್ತು ಕೂತಿರಲಿಲ್ಲ. ನಾನು ಹೇಳಿದ್ದೂ ತಾನು ಕಂಡದ್ದೂ ಎರಡೂ ಹೇಗೆ ನಿಜವಾಗುತ್ತದೆ ಎಂದು ಹುಡುಕುತ್ತಿತ್ತು.

ಅಷ್ಟರಲ್ಲಿ ಅವಳ ಅಮ್ಮ ನಿಂಬೆ ಶರಬತ್ತು ತಂದರು. ನಾನು ಅವರ ಹತ್ತಿರ ಕೇಳಿದೆ, ಇಷ್ಟೆಲ್ಲ ತಿಳಿದವಳು ಹೆಸರು ಹೇಳಲಿಕ್ಕೆ ಯಾಕೆ ಹಟ ಎಂದು. ಅವರು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಸಂಕೋಚದಿಂದ ಹೇಳಿದರು: "ನಾನೂ ಕೇಳಿದೆ ಟೀಚರೇ. ಅವರಿಗೆ ನನ್ನ ಹೆಸರು ಗೊತ್ತುಂಟು, ದಿನಾ ಹಾಜರಿ ಕರೀತಾರೆ, ಮತ್ತೆ ಯಾಕೆ ಕೇಳುದು ಅಂತಾಳೆ."

ಫೆರಿಯಲ್ಲಿ ಹಿಂದೆ ಬರುವಾಗ ನಾನು ಆ ವರ್ಷ ಕ್ಲಾಸಿನಲ್ಲಿ ಕೇಳಿದ ಪ್ರಶ್ನೆಗಳನ್ನೆಲ್ಲ ನೆನಪು ಮಾಡಿಕೊಂಡೆ. ಇದು ಯಾವ ಬಣ್ಣ? ಇವತ್ತು ಯಾವ ವಾರ? ಆನೆಗೆ ಎಷ್ಟು ಕಾಲು? ಒಂದಕ್ಕೂ ನನಗೆ ಉತ್ತರ ಬೇಕಿರಲಿಲ್ಲ. ಮಡಿಲಲ್ಲಿ ಅವರ ಮನೆಯಿಂದ ಕೇಳಿ ತಂದ ಕ್ಯಾನಿನಲ್ಲಿ ಸಮುದ್ರದ ನೀರಿತ್ತು. ಡಬ್ಬದಲ್ಲಿ ಮೊಟ್ಟೆ ಎರಡರ ಬದಲು ಐದು, ಅಜ್ಜಿ ಬಿಡಲಿಲ್ಲ.

ಮುಂದಿನ ಶುಕ್ರವಾರ ಹೆಡ್ ಟೀಚರ್ ಬರುವ ದಿನವೂ ಆಗಿತ್ತು. ಅವರು ಬರುವ ಮೊದಲೇ ನಾನು ಮಕ್ಕಳನ್ನು ಟಬ್ಬಿನ ಸುತ್ತ ಕೂರಿಸಿದೆ. ಹುಡುಗಿ ಕ್ಲಾಸಿನ ಬಾಗಿಲಲ್ಲಿ, ಒಳಗೂ ಅಲ್ಲದೆ ಹೊರಗೂ ಅಲ್ಲದೆ ನಿಂತಿದ್ದಳು. ಕ್ಯಾನಿನ ನೀರನ್ನು ದೊಡ್ಡ ಗಾಜಿನ ಲೋಟಕ್ಕೆ ಸುರಿದೆ, ಇದು ಬೆಂಗ್ರೆಯ ಸಮುದ್ರದ ನೀರು ಎಂದೆ, ಮೊಟ್ಟೆ ಬಿಟ್ಟೆ. ಮುಳುಗಿದ್ದನ್ನು ನೋಡಿ ಮಕ್ಕಳು ಬಾಯಿ ಕಳೆದರು.

"ಅವತ್ತು ನಾನು ಹೇಳಿದ್ದು ತಪ್ಪು," ಎಂದೆ. "ಅವಳು ಹೇಳಿದ್ದು ಸರಿ. ಸರಿ ಹೇಳಿದವಳಿಗೆ ನಾನು ಬೈದೆ. ಅದು ಇನ್ನೂ ದೊಡ್ಡ ತಪ್ಪು." ಹುಡುಗಿ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಬಾಯಿ ಬಿಡಲಿಲ್ಲ. ನಾನು ಒಂದು ಚಮಚ ಉಪ್ಪು ಹಾಕಿ ಕಲಸಿದೆ. ಮೊಟ್ಟೆ ಅಲ್ಲೇ ಕೂತಿತ್ತು.

ಆಗಲೇ ಹೆಡ್ ಟೀಚರ್ ಫಾರ್ಮು ಹಿಡಿದುಕೊಂಡು ಬಂದರು. ಸೀದಾ ಅವಳ ಮುಂದೆ ಬಗ್ಗಿ, "ನಿನ್ನ ಹೆಸರೆಂತ ಮಗಾ?" ಎಂದರು.

ಹುಡುಗಿ ಅವರ ಮುಖ ನೋಡಿದಳು, ಕೈಯಲ್ಲಿದ್ದ ಫಾರ್ಮು ನೋಡಿದಳು. ಅದರ ಮೇಲೆ ಅವಳ ಹೆಸರು ದಪ್ಪ ಅಕ್ಷರದಲ್ಲಿ ಬರೆದಿತ್ತು. ಮತ್ತೆ ಮುಖ ನೋಡಿದಳು. ಹೆಡ್ ಟೀಚರ್ ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ತೆಗೆದರು.

"ಮೇಡಂ, ದಮ್ಮಯ್ಯ," ಎಂದೆ ನಾನು, "ನಿಮಗೆ ಗೊತ್ತಿಲ್ಲದ್ದು ಎಂತಾದ್ರೂ ಕೇಳಿ."

ಅವರು ನನ್ನನ್ನು ಒಂದು ನಮೂನೆ ನೋಡಿದರು. ಇವಳಿಗೆ ಬಿಸಿಲು ಹೊಡೆದಿದೆಯಾ ಎಂಬ ಹಾಗೆ. ಆಮೇಲೆ ಕಣ್ಣು ಲೋಟದ ಕಡೆ ಹೋಯಿತು. "ಇದೆಂತ? ಮೊಟ್ಟೆ ಯಾಕೆ ಇಲ್ಲಿ?"

"ಸಮುದ್ರದ ನೀರು. ಒಂದು ಚಮಚ ಉಪ್ಪು ಹಾಕಿ ಆಯ್ತು. ಮೊಟ್ಟೆ ತೇಲಬೇಕು."

"ಅದಕ್ಕೆ ಇನ್ನೆಷ್ಟು ಬೇಕು?"

ಅವರು ಕೇಳಿದ್ದು ನನ್ನನ್ನು. ನನಗೆ ನಿಜವಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಇಬ್ಬರೂ ಲೋಟವನ್ನೇ ನೋಡುತ್ತ ನಿಂತೆವು.

"ನಮ್ಮ ಮನೆಯ ಲೋಟಕ್ಕಾದ್ರೆ ಎರಡು," ಎಂದಿತು ಕೆಳಗಿನಿಂದ ಆ ಸಣ್ಣ ಸ್ವರ, ಈ ಸಲ ಕನ್ನಡದಲ್ಲಿ. "ಇದು ದೊಡ್ಡದಲ್ವಾ. ಮೂರು ಹಾಕಿ."

ಹೆಡ್ ಟೀಚರ್ ಫಾರ್ಮನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನನ್ನ ಕೈಯಿಂದ ಚಮಚ ತೆಗೆದುಕೊಂಡು, ಒಂದು, ಎರಡು, ಮೂರು ಎಂದು ಹಾಕಿದರು. ಮೊಟ್ಟೆ ಕದಲಲಿಲ್ಲ. ಹಾಕಿದ ಉಪ್ಪು ಅದರ ಸುತ್ತ ಬೆಳ್ಳಗೆ ಕೂತಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಇನ್ನು ಮುಗಿಯಿತು, ಮತ್ತೆ ಗೋಡೆಗೆ ಮುಖ ಮಾಡುತ್ತಾಳೆ ಎಂದುಕೊಂಡೆ.

"ಕಲಸ್ಬೇಕು," ಎಂದಳು ಅವಳು, ಇಷ್ಟೂ ತಿಳಿಯುವುದಿಲ್ಲವಾ ಎಂಬ ಸ್ವರದಲ್ಲಿ. ತೋಳು ಮೇಲೆ ಸರಿಸಿ, ಮೊಟ್ಟೆ ಒಡೆಯದ ಹಾಗೆ ಬೆರಳುಗಳನ್ನು ಇಳಿಸಿ, ನಿಧಾನವಾಗಿ ತಿರುಗಿಸಿದಳು. ಕೈ ಹೊರಗೆ ತೆಗೆದಳು. ನೀರು ಮಬ್ಬಾಗಿತ್ತು, ಅದರೊಳಗೆ ಮೊಟ್ಟೆ ಮೊದಲು ಮಗ್ಗುಲು ಬದಲಿಸಿತು, ತಳ ಬಿಟ್ಟಿತು, ಮೇಲೆ ಬಂದು ನಿಂತಿತು. ನೆತ್ತಿ ನೀರಿನಿಂದ ಹೊರಗೆ, ಎಂಟಾಣೆಯಷ್ಟು. ಅಮ್ಮ ನೋಡಿದ್ದರೆ ಸಾಕು ಎನ್ನುತ್ತಿದ್ದಳು.

ಮಕ್ಕಳ ಗಲಾಟೆಯ ನಡುವೆ ಹುಡುಗಿ ಹೆಡ್ ಟೀಚರರ ಸೀರೆಯ ಅಂಚು ಎಳೆದಳು.

"ನಿಮಗೆ ನಿಜವಾಗಿ ಗೊತ್ತಿರ್ಲಿಲ್ವಾ?"

"ಇಲ್ಲ ಮಗಾ," ಎಂದರು ಅವರು. "ನಿಜವಾಗಿ ಗೊತ್ತಿರ್ಲಿಲ್ಲ."

ಅವಳು ಒದ್ದೆ ಕೈಯನ್ನು ಯೂನಿಫಾರ್ಮಿಗೆ ಒರೆಸಿಕೊಂಡಳು. ಆಮೇಲೆ, ಯಾರೂ ಕೇಳದೆಯೇ, ತನ್ನ ಹೆಸರು ಹೇಳಿದಳು. ಇನಿಷಿಯಲ್ ಸಮೇತ.